ಎಕ್ಸಿಮಾಗೆ ಯಾವ ಚಿಕಿತ್ಸೆ? ಮಾಯಿಶ್ಚರೈಸರ್‌ನಿಂದ ಇಂಜೆಕ್ಷನ್‌ವರೆಗೆ ಒಂದು ಹೋಲಿಕೆ

“ಸ್ಟೀರಾಯ್ಡ್ ಹಚ್ಚಲು ಭಯ, ಬಿಟ್ಟರೆ ತುರಿಕೆ ತಡೆಯೋಕಾಗಲ್ಲ. ಒಬ್ಬ ಡಾಕ್ಟರ್ ಟ್ಯಾಕ್ರೊಲಿಮಸ್ ಅಂದರು, ಇನ್ನೊಬ್ಬರು ಲೈಟ್ ಚಿಕಿತ್ಸೆ ಅಂದರು. ಈಗ ಯಾರೋ ಹೊಸ ಇಂಜೆಕ್ಷನ್ ಬಂದಿದೆ ಅಂತಿದ್ದಾರೆ. ಯಾವುದನ್ನು ಹಿಡಿಯೋದು?” ಎಕ್ಸಿಮಾ ಇರುವವರ ಜೊತೆ ಹತ್ತು ನಿಮಿಷ ಕೂತರೆ ಈ ಪ್ರಶ್ನೆ ಬಂದೇ ಬರುತ್ತದೆ.

ನನಗೂ ಈ ಇಸುಬು ಚಿಕ್ಕಂದಿನಿಂದ ಇದೆ. ಮೊಣಕೈ ಮಡಿಕೆ, ಮಂಡಿಯ ಹಿಂಭಾಗ, ಕೆಟ್ಟ ವರ್ಷಗಳಲ್ಲಿ ಕಣ್ಣಿನ ರೆಪ್ಪೆ ಕೂಡ. ಬೆಳಿಗ್ಗೆ ಎದ್ದರೆ ಹಾಸಿಗೆ ಮೇಲೆ ಸಾಸಿವೆ ಕಾಳಿನಷ್ಟು ರಕ್ತದ ಕಲೆಗಳು, ಉಗುರಿನ ಸಂದಿಯಲ್ಲಿ ಬಿಳಿ ಹೊಟ್ಟು. ನಿದ್ದೆಯಲ್ಲೇ ಕೆರೆದುಕೊಂಡಿದ್ದೇನೆ ಅನ್ನುವುದು ಆಗಲೇ ಗೊತ್ತಾಗುತ್ತಿತ್ತು. ಔಷಧಿ ಬದಲಿಸಿ ಬದಲಿಸಿ ಸಾಕಾದ ಮೇಲೆ ನನಗೆ ಒಂದು ವಿಷಯ ಅರ್ಥವಾಯಿತು. ನಮ್ಮಲ್ಲಿ ಬಹಳ ಜನ ಸೋಲುವುದು ತಪ್ಪು ಔಷಧಿ ಆರಿಸಿಕೊಂಡು ಅಲ್ಲ. ಸರಿಯಾದ ಔಷಧಿಯನ್ನೇ ಕಮ್ಮಿ ಹಚ್ಚಿ, ಬೇಗ ಬಿಟ್ಟು, “ಇದು ನನಗೆ ಆಗಿಬರಲ್ಲ” ಅಂತ ಮುಂದಿನದಕ್ಕೆ ಹಾರುತ್ತೇವೆ. ಅದಕ್ಕೇ ಇಲ್ಲಿ ಯಾವುದು ಅನ್ನುವುದರ ಜೊತೆ ಎಷ್ಟು, ಎಷ್ಟು ದಿನ ಅನ್ನುವುದನ್ನೂ ಬರೆದಿದ್ದೇನೆ.

ಆರಿಸುವ ಮುಂಚೆ ನೋಡಬೇಕಾದದ್ದು

ಎಕ್ಸಿಮಾದಲ್ಲಿ ಎರಡು ತೊಂದರೆ ಒಟ್ಟಿಗೆ ಇರುತ್ತವೆ. ಚರ್ಮದ ಮೇಲ್ಪದರ ನೀರನ್ನು ಹಿಡಿದಿಟ್ಟುಕೊಳ್ಳುವುದಿಲ್ಲ. ಒಳಗೆ ದೇಹದ ರಕ್ಷಣಾ ವ್ಯವಸ್ಥೆ ಸಣ್ಣದಕ್ಕೂ ಕೆರಳಿ ಉರಿಯೂತ ಎಬ್ಬಿಸುತ್ತದೆ. ಮೇಲ್ಪದರ ಗಟ್ಟಿಯಾಗಿರಲು ಬೇಕಾದ ಫಿಲಾಗ್ರಿನ್ ಎಂಬ ಪ್ರೋಟೀನಿನ ಜೀನ್‌ನಲ್ಲಿ ದೋಷವಿದ್ದರೆ ಎಕ್ಸಿಮಾ ಬರುವ ಸಾಧ್ಯತೆ ಜಾಸ್ತಿ ಅಂತ 2006ರಲ್ಲಿ ಗೊತ್ತಾಯಿತು. ಕೆರೆದರೆ ಪದರ ಹರಿಯುತ್ತದೆ, ಹರಿದರೆ ತುರಿಕೆ ಇನ್ನೂ ಏರುತ್ತದೆ. ಮುಂದೆ ಹೇಳುವ ಚಿಕಿತ್ಸೆಗಳೆಲ್ಲ ಮುಖ್ಯವಾಗಿ ಈ ಎರಡರಲ್ಲಿ ಒಂದನ್ನು ಮಾಡುತ್ತವೆ: ಪದರ ಕಾಪಾಡುವುದು, ಇಲ್ಲವೇ ಉರಿಯೂತ ತಣಿಸುವುದು. ಬುಡಸಮೇತ ತೆಗೆದುಹಾಕುವ ಔಷಧಿ ಇನ್ನೂ ಬಂದಿಲ್ಲ. ಹಾಗಂತ ಮಾತು ಕೊಡುವವರಿಂದ ದಯವಿಟ್ಟು ದೂರ ಇರಿ.

ಮೊದಲನೆಯದು, ಎಷ್ಟು ತೀವ್ರ? ಇದನ್ನು ಅಂದಾಜಿನಲ್ಲಿ ಹೇಳುವ ಬದಲು ಅಳೆಯಬಹುದು. ಡಾಕ್ಟರುಗಳು ಬಳಸುವ ‘ಪೋಯೆಮ್’ ಎಂಬ ಪ್ರಶ್ನಾವಳಿಯಲ್ಲಿ ಏಳೇ ಪ್ರಶ್ನೆ. ಕಳೆದ ವಾರದಲ್ಲಿ ಎಷ್ಟು ದಿನ ತುರಿಕೆ ಇತ್ತು? ಎಷ್ಟು ರಾತ್ರಿ ನಿದ್ದೆ ಕೆಟ್ಟಿತು? ಎಷ್ಟು ದಿನ ರಕ್ತ ಬಂತು, ನೀರು ಒಸರಿತು, ಚರ್ಮ ಒಡೆಯಿತು, ಹೊಟ್ಟು ಉದುರಿತು, ಒರಟಾಗಿತ್ತು? ಒಂದೂ ದಿನ ಇಲ್ಲದಿದ್ದರೆ 0. 1-2 ದಿನಕ್ಕೆ 1 ಅಂಕ, 3-4 ದಿನಕ್ಕೆ 2, 5-6 ದಿನಕ್ಕೆ 3, ದಿನಾ ಇದ್ದರೆ 4. ಒಟ್ಟು 28. 7ರವರೆಗೆ ಸೌಮ್ಯ, 8ರಿಂದ 16 ಮಧ್ಯಮ, 17 ಅಥವಾ ಅದಕ್ಕಿಂತ ಹೆಚ್ಚಾದರೆ ತೀವ್ರ. ಕಂದು ಅಥವಾ ಕಪ್ಪು ಚರ್ಮದವರು ಕೆಂಪಾಗಿದೆಯೇ ಅಂತ ನೋಡಿ ತೀರ್ಮಾನಿಸಬೇಡಿ. ಅಲ್ಲಿ ಎಕ್ಸಿಮಾ ಬೂದು, ನೇರಳೆ ಅಥವಾ ಗಾಢ ಕಂದಾಗಿ ಕಾಣುತ್ತದೆ. ಹಾಗಾಗಿ ಎಷ್ಟೋ ಸಲ ಇರುವುದಕ್ಕಿಂತ ಸೌಮ್ಯ ಅಂತ ಲೆಕ್ಕ ಹಾಕಿಬಿಡುತ್ತಾರೆ.

ಎರಡನೆಯದು, ಮೈಮೇಲೆ ಎಲ್ಲಿ? ಚರ್ಮ ಎಲ್ಲ ಕಡೆ ಒಂದೇ ಥರ ಅಲ್ಲ. ಹೈಡ್ರೊಕಾರ್ಟಿಸೋನ್ ಎಂಬ ಸ್ಟೀರಾಯ್ಡನ್ನು ಮುಂದೋಳು ಹೀರುವುದಕ್ಕೆ ಹೋಲಿಸಿದರೆ ಹಣೆ ಸುಮಾರು 6 ಪಟ್ಟು, ದವಡೆ 13 ಪಟ್ಟು ಹೀರುತ್ತದೆ ಅಂತ 1960ರ ದಶಕದಲ್ಲೇ ಅಳೆದಿದ್ದಾರೆ. ಅಂಗಾಲು ಹೀರುವುದು ಏಳನೇ ಒಂದು ಭಾಗ ಮಾತ್ರ. ಪಾದಕ್ಕೆ ಏನೂ ಮಾಡದ ಮುಲಾಮು ಮುಖಕ್ಕೆ ಯಾಕೆ ಅತಿಯಾಗುತ್ತದೆ ಅನ್ನುವುದಕ್ಕೆ ಉತ್ತರ ಇಲ್ಲೇ ಇದೆ.

ಉಳಿದವು ನಿಮ್ಮ ಬದುಕಿಗೆ ಸೇರಿದವು. ವಯಸ್ಸು ಎಷ್ಟು, ಗರ್ಭಧಾರಣೆಯ ಯೋಚನೆ ಇದೆಯೇ, ಎಷ್ಟು ಬೇಗ ಆರಾಮ ಬೇಕು, ದಿನಾ ಎಷ್ಟು ಹೊತ್ತು ಕೊಡಬಲ್ಲಿರಿ, ತಿಂಗಳಿಗೊಮ್ಮೆ ರಕ್ತ ಪರೀಕ್ಷೆಗೆ ಹೋಗಲು ಆಗುತ್ತದೆಯೇ, ಖರ್ಚನ್ನು ವರ್ಷಗಟ್ಟಲೆ ತಾಳಿಕೊಳ್ಳಬಲ್ಲಿರಾ.

ಇಷ್ಟಕ್ಕೂ ಮುಂಚೆ, ಇದು ಎಕ್ಸಿಮಾನೇ ಹೌದಾ ಅಂತ ಒಮ್ಮೆ ಚರ್ಮದ ಡಾಕ್ಟರ್ ಹತ್ತಿರ ಖಚಿತ ಮಾಡಿಕೊಳ್ಳಿ. ಹುಳುಕಡ್ಡಿಯೂ ನೋಡಲು ಹೀಗೇ ಇರಬಹುದು. ಅದಕ್ಕೆ ಸ್ಟೀರಾಯ್ಡ್ ಹಚ್ಚಿದರೆ ತುರಿಕೆ ಸ್ವಲ್ಪ ದಿನ ತಣ್ಣಗಾಗಿ, ಸೋಂಕು ಒಳಗೊಳಗೇ ಹರಡುತ್ತದೆ. ಕೈಗೆ ಮಾತ್ರ, ಅಥವಾ ರೆಪ್ಪೆಗೆ ಮಾತ್ರ ಬಂದು ಹೋಗದೇ ಕೂತಿದ್ದರೆ ಯಾವುದೋ ವಸ್ತುವಿನ ಅಲರ್ಜಿ ಇರಬಹುದು. ಅನುಮಾನದ ವಸ್ತುಗಳನ್ನು ಚರ್ಮಕ್ಕೆ ಅಂಟಿಸಿ ನೋಡುವ ಪ್ಯಾಚ್ ಟೆಸ್ಟ್ ಅದನ್ನು ಹಿಡಿಯುತ್ತದೆ.

ಮಾಯಿಶ್ಚರೈಸರ್: ಎಲ್ಲರಿಗೂ ಬೇಕು, ಆದರೆ ಯಾವುದು?

ಆಯಿಂಟ್‌ಮೆಂಟ್ ಜಿಡ್ಡು ಜಾಸ್ತಿ, ನೀರಿನಂಶ ಕಮ್ಮಿ. ಒಡೆದ ಚರ್ಮಕ್ಕೆ ಉರಿ ಕಮ್ಮಿ, ಆದರೆ ಬಟ್ಟೆಗೆಲ್ಲ ಮೆತ್ತಿಕೊಳ್ಳುತ್ತದೆ. ಲೋಷನ್ ಹಗುರ, ಬೇಗ ಇಂಗುತ್ತದೆ, ಅಷ್ಟೇ ಬೇಗ ಒಣಗುತ್ತದೆ. ಕ್ರೀಮ್ ಇವೆರಡರ ನಡುವೆ. ಇಂಗ್ಲೆಂಡಿನಲ್ಲಿ 550 ಮಕ್ಕಳ ಮೇಲೆ ಲೋಷನ್, ಕ್ರೀಮ್, ಜೆಲ್, ಆಯಿಂಟ್‌ಮೆಂಟ್ ನಾಲ್ಕನ್ನೂ ಹೋಲಿಸಿ 2022ರಲ್ಲಿ ಫಲಿತಾಂಶ ಪ್ರಕಟಿಸಿದರು. ಎಕ್ಸಿಮಾ ತಗ್ಗಿಸುವುದರಲ್ಲಿ ಒಂದಕ್ಕೂ ಇನ್ನೊಂದಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ನಾನಂತೂ ಈ ಸುದ್ದಿ ಓದಿ ನಿಟ್ಟುಸಿರು ಬಿಟ್ಟೆ. ದುಬಾರಿ ಡಬ್ಬಿ ಹುಡುಕಿಕೊಂಡು ಅಲೆಯುವುದು ಬೇಡ. ನೀವು ದಿನಾ ಬೇಸರವಿಲ್ಲದೆ ಹಚ್ಚಿಕೊಳ್ಳುವುದೇ ನಿಮಗೆ ಒಳ್ಳೆಯದು. ಸುವಾಸನೆ ಇಲ್ಲದ್ದು ಆಗಿರಲಿ, ಅಷ್ಟೇ.

ಪ್ರಮಾಣದಲ್ಲಿ ಮಾತ್ರ ಜಿಪುಣತನ ಬೇಡ. ಮೈ ತುಂಬ ಒಣಗುವ ದೊಡ್ಡವರಿಗೆ ವಾರಕ್ಕೆ 250ರಿಂದ 500 ಗ್ರಾಂ ಬೇಕಾಗುತ್ತದೆ. ತಿಂಗಳಿಗಲ್ಲ, ವಾರಕ್ಕೆ. ಹಾಗಾಗಿ ಬಜೆಟ್ ಕಮ್ಮಿ ಇದ್ದರೆ ಸಾದಾ ಪೆಟ್ರೋಲಿಯಂ ಜೆಲ್ಲಿಯ ದೊಡ್ಡ ಡಬ್ಬಿ ತೆಗೆದುಕೊಂಡು ಧಾರಾಳವಾಗಿ ಹಚ್ಚಿ. ದುಬಾರಿ ಕ್ರೀಮನ್ನು ಉಳಿಸಿ ಉಳಿಸಿ ಹಚ್ಚುವುದಕ್ಕಿಂತ ಅದು ಮೇಲು. ಸ್ನಾನ ಮುಗಿದು ಮೈ ಇನ್ನೂ ಪಸೆ ಇರುವಾಗಲೇ, ಕೂದಲು ಬೆಳೆದ ದಿಕ್ಕಿನಲ್ಲಿ ಸವರಿ. ತಿಕ್ಕಬೇಡಿ. ಒಂದು ಎಚ್ಚರಿಕೆ ಇದೆ: ಜಿಡ್ಡಿನ ಮುಲಾಮು ಹೀರಿದ ಬಟ್ಟೆ, ಹಾಸಿಗೆ ಹೊದಿಕೆಗೆ ಬೆಂಕಿ ಬೇಗ ಹತ್ತುತ್ತದೆ. ಒಲೆ, ದೀಪ, ಸಿಗರೇಟಿನ ಹತ್ತಿರ ಹುಷಾರು.

ಪೋಯೆಮ್ ಅಂಕ 7ರ ಒಳಗಿದ್ದರೆ ಎಷ್ಟೋ ಜನರಿಗೆ ಹೆಚ್ಚು ದಿನ ಇಷ್ಟೇ ಸಾಕಾಗುತ್ತದೆ. ಉರಿಯೂತ ಎದ್ದು ಕೂತ ಮೇಲೆ ಮಾತ್ರ ಬರೀ ಮಾಯಿಶ್ಚರೈಸರ್ ನಂಬಿ ಕೂರಬೇಡಿ. ಅದು ಉರಿಯೂತ ಆರಿಸುವ ಔಷಧಿ ಅಲ್ಲ.

ಸ್ಟೀರಾಯ್ಡ್ ಮುಲಾಮು: ಭಯ ಎಲ್ಲಿ ಸರಿ, ಎಲ್ಲಿ ತಪ್ಪು

ಇದರ ಬಗ್ಗೆ ಸ್ವಲ್ಪ ಉದ್ದ ಬರೆಯುತ್ತೇನೆ, ಯಾಕಂದರೆ ಗೊಂದಲ ಜಾಸ್ತಿ ಇರುವುದು ಇಲ್ಲೇ.

ಚರ್ಮಕ್ಕೆ ಹೈಡ್ರೊಕಾರ್ಟಿಸೋನ್ ಹಚ್ಚಿ ಗುಣ ಕಂಡ ವರದಿ ಬಂದಿದ್ದು 1952ರಲ್ಲಿ. ಎಪ್ಪತ್ತು ವರ್ಷ ದಾಟಿದ ಅನುಭವ ಇರುವ ಔಷಧಿ. ಅಗ್ಗ, ಮತ್ತು ಕೆಲವೇ ದಿನಗಳಲ್ಲಿ ಕೆಲಸ ಮಾಡುತ್ತದೆ. ‘ಸ್ಟೀರಾಯ್ಡ್’ ಅನ್ನುವುದು ಒಂದೇ ಔಷಧಿ ಅಲ್ಲ ಅನ್ನುವುದು ಮೊದಲು ಗೊತ್ತಿರಬೇಕು. 1% ಹೈಡ್ರೊಕಾರ್ಟಿಸೋನ್ ಸೌಮ್ಯ. ಕ್ಲೊಬೆಟಾಸೋನ್ ಮಧ್ಯಮ. ಬೀಟಾಮೆಥಸೋನ್ ವ್ಯಾಲರೇಟ್, ಮೊಮೆಟಸೋನ್ ಜೋರು. ಕ್ಲೊಬೆಟಸಾಲ್ ಅತಿ ಜೋರು. ಕ್ಲೊಬೆಟಾಸೋನ್, ಕ್ಲೊಬೆಟಸಾಲ್ ಹೆಸರು ಕೇಳಲು ಅಣ್ಣತಮ್ಮಂದಿರ ಹಾಗಿವೆ, ಶಕ್ತಿಯಲ್ಲಿ ಅಜಗಜಾಂತರ. ಟ್ಯೂಬಿನ ಮೇಲಿನ ಸಣ್ಣ ಅಕ್ಷರ ಓದಿಕೊಳ್ಳಿ.

ಭಯ ಸುಮ್ನೆ ಹುಟ್ಟಿದ್ದಲ್ಲ. ಜೋರು ಸ್ಟೀರಾಯ್ಡನ್ನು ಮುಖ, ಕಂಕುಳು, ತೊಡೆಸಂದಿಗೆ ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗುತ್ತದೆ, ಹಿಗ್ಗಿದ ಗೆರೆಗಳು ಬೀಳುತ್ತವೆ, ಮುಖದಲ್ಲಿ ಗುಳ್ಳೆ ಏಳುತ್ತವೆ. ಹಾಗೆ ಬಹಳ ಕಾಲ ಹಚ್ಚಿ ಏಕಾಏಕಿ ನಿಲ್ಲಿಸಿದಾಗ ಕೆಲವರಿಗೆ ಮೈ ಉರಿದು ಕೆಂಪೇರುವ ಕಷ್ಟವೂ ಬರುತ್ತದೆ. ಆದರೆ ಸರಿಯಾದ ಶಕ್ತಿಯದ್ದನ್ನು ಸರಿಯಾದ ಜಾಗಕ್ಕೆ ಹಚ್ಚಿದಾಗ ಚಿತ್ರ ಬೇರೆ. ಶಿಶುಗಳ ಮೇಲೆ 5 ವರ್ಷ ನಡೆದ ಒಂದು ಅಧ್ಯಯನದಲ್ಲಿ, ಸೌಮ್ಯ ಮತ್ತು ಮಧ್ಯಮ ಸ್ಟೀರಾಯ್ಡ್ ಬಳಸಿದ ಸಾವಿರಕ್ಕೂ ಹೆಚ್ಚು ಮಕ್ಕಳಲ್ಲಿ ಚರ್ಮ ತೆಳುವಾದದ್ದು ಒಂದೇ ಮಗುವಿಗೆ.

ಇನ್ನು ಪ್ರಮಾಣ. ತೋರುಬೆರಳಿನ ತುದಿಯಿಂದ ಮೊದಲ ಗೆಣ್ಣಿನ ಗೆರೆಯವರೆಗೆ ಟ್ಯೂಬಿನಿಂದ ಒಂದು ಎಳೆ ಹಿಂಡಿ. ಅದು ಸುಮಾರು ಅರ್ಧ ಗ್ರಾಂ. ದೊಡ್ಡವರ ಎರಡು ಅಂಗೈ, ಬೆರಳೂ ಸೇರಿ, ಎಷ್ಟು ಜಾಗ ಮುಚ್ಚುತ್ತವೋ ಅಷ್ಟಕ್ಕೆ ಇದು ಸಾಕು, ಅಷ್ಟಕ್ಕೆ ಇದು ಬೇಕು ಕೂಡ. ಒಂದು ಇಡೀ ತೋಳು ಮತ್ತು ಕೈಗೆ ಇಂಥ ನಾಲ್ಕು ಎಳೆ ಬೇಕು, ಅಂದರೆ 2 ಗ್ರಾಂ. ಎರಡೂ ತೋಳು ಕೆರಳಿದ್ದರೆ 15 ಗ್ರಾಂ ಟ್ಯೂಬು ನಾಲ್ಕು ದಿನವೂ ಬರುವುದಿಲ್ಲ. ನಾನು ಅಂಥದ್ದೇ ಒಂದು ಟ್ಯೂಬನ್ನು ಒಂದು ವರ್ಷ ಓಡಿಸಿದ್ದೆ. ಬೆರಳಿಗೆ ಬೇಳೆಕಾಳಿನಷ್ಟು ತೆಗೆದುಕೊಂಡು, ಹಚ್ಚಿದಂತೆಯೂ ಇಲ್ಲ ಬಿಟ್ಟಂತೆಯೂ ಇಲ್ಲ ಅನ್ನುವ ಹಾಗೆ ಸವರುತ್ತಿದ್ದೆ. ಎರಡು ದಿನಕ್ಕೆ ನಿಲ್ಲಿಸುತ್ತಿದ್ದೆ, ನಾಲ್ಕನೇ ದಿನ ಮತ್ತೆ ಕೆರಳುತ್ತಿತ್ತು. ಮುಲಾಮು ಸರಿಯಾಗಿಯೇ ಇತ್ತು, ಸಾಲುತ್ತಿರಲಿಲ್ಲ ಅಷ್ಟೇ.

ದಿನಕ್ಕೆ ಒಂದು ಸಲ ಸಾಮಾನ್ಯವಾಗಿ ಸಾಕು. ಚರ್ಮ ಮುಟ್ಟಿದರೆ ನಯವಾಗುವವರೆಗೆ ಹಚ್ಚಿ, ಕಣ್ಣಿಗೆ ಬಣ್ಣ ತಿಳಿಯಾಗುವವರೆಗೆ ಅಲ್ಲ. ವಾಸಿಯಾದ ಮೇಲೂ ಉಳಿಯುವ ಕಪ್ಪು ಕಲೆ ಎಕ್ಸಿಮಾ ಅಲ್ಲ, ಅದು ನಿಧಾನಕ್ಕೆ ತಾನೇ ಹೋಗುತ್ತದೆ. ಒಂದೇ ಜಾಗದಲ್ಲಿ ಪದೇ ಪದೇ ಕೆರಳುವವರಿಗೆ ‘ವಾರಾಂತ್ಯ’ ಪದ್ಧತಿ ಇದೆ: ಚರ್ಮ ಚೆನ್ನಾಗಿರುವಾಗಲೂ ವಾರಕ್ಕೆ ಎರಡು ದಿನ ಆ ಜಾಗಕ್ಕೆ ಹಚ್ಚುವುದು. ಡಾಕ್ಟರ್ ಹತ್ತಿರ ಇದನ್ನು ಕೇಳಿ ನೋಡಿ. ನನ್ನ ಮೊಣಕೈಗೆ ಇದು ಕೊಟ್ಟ ನೆಮ್ಮದಿ ಬೇರೆ ಯಾವುದೂ ಕೊಟ್ಟಿಲ್ಲ.

ಸ್ಟೀರಾಯ್ಡ್, ಆಂಟಿಬಯೋಟಿಕ್, ಫಂಗಸ್ ಔಷಧಿ ಮೂರನ್ನೂ ಬೆರೆಸಿದ ಕ್ರೀಮುಗಳನ್ನು ನೀವಾಗಿಯೇ ಕೊಂಡು ಹಚ್ಚಬೇಡಿ. ಅಂಥವುಗಳಲ್ಲಿ ಎಷ್ಟೋ ಸಲ ಇರುವುದು ಅತಿ ಜೋರು ಸ್ಟೀರಾಯ್ಡೇ.

ಸ್ಟೀರಾಯ್ಡ್ ಅಲ್ಲದ ಮುಲಾಮುಗಳು

ಟ್ಯಾಕ್ರೊಲಿಮಸ್ ಆಯಿಂಟ್‌ಮೆಂಟ್ ಮತ್ತು ಪಿಮೆಕ್ರೊಲಿಮಸ್ ಕ್ರೀಮ್ 2000ದ ಆಸುಪಾಸಿನಲ್ಲಿ ಬಂದವು. ಇವುಗಳ ದೊಡ್ಡ ಗುಣ, ಚರ್ಮ ತೆಳುವಾಗುವುದಿಲ್ಲ. ಹಾಗಾಗಿ ರೆಪ್ಪೆ, ಮುಖ, ಕುತ್ತಿಗೆ, ಮಡಿಕೆಗಳಿಗೆ ಹೇಳಿ ಮಾಡಿಸಿದಂಥವು. ಟ್ಯಾಕ್ರೊಲಿಮಸ್ 2ರಿಂದ 15 ವರ್ಷದವರಿಗೆ 0.03%, ಅದಕ್ಕಿಂತ ದೊಡ್ಡವರಿಗೆ 0.1%ವರೆಗೆ ಕೊಡುತ್ತಾರೆ. ಸ್ಟೀರಾಯ್ಡಿಗಿಂತ ಸಾಮಾನ್ಯವಾಗಿ ದುಬಾರಿ.

ತೊಡಕು ಒಂದಿದೆ. ಮೊದಲ ಕೆಲವು ದಿನ ಹಚ್ಚಿದ ಜಾಗ ಮೆಣಸಿನಕಾಯಿ ಮುಟ್ಟಿದ ಹಾಗೆ ಉರಿಯುತ್ತದೆ. ಬಹಳ ಜನ ಅಲ್ಲಿಗೇ ಬಿಟ್ಟುಬಿಡುತ್ತಾರೆ. ಒಂದು ವಾರ ತಡೆದುಕೊಂಡರೆ ಹೆಚ್ಚಿನವರಿಗೆ ಉರಿ ಇಳಿಯುತ್ತದೆ. ಮೊದಲು ಸ್ಟೀರಾಯ್ಡಿನಿಂದ ಕೆಂಡ ಆರಿಸಿಕೊಂಡು ಆಮೇಲೆ ಇದಕ್ಕೆ ಬದಲಾಗುವುದು ಜಾಣತನ. 2006ರಲ್ಲಿ ಅಮೆರಿಕದ ಔಷಧ ನಿಯಂತ್ರಕರು ಇವುಗಳ ಮೇಲೆ ಕ್ಯಾನ್ಸರ್ ಎಚ್ಚರಿಕೆ ಹಾಕಿಸಿದರು. ಟ್ಯೂಬಿನ ಜೊತೆ ಬರುವ ಚೀಟಿ ಓದಿ ಹೆದರುವುದು ಸಹಜ ಅಲ್ವಾ. ಆಮೇಲೆ ಮಕ್ಕಳನ್ನು ಹತ್ತು ವರ್ಷದವರೆಗೆ ಗಮನಿಸಿದ ಅಧ್ಯಯನದಲ್ಲಿ ಟ್ಯಾಕ್ರೊಲಿಮಸ್‌ನಿಂದ ಕ್ಯಾನ್ಸರ್ ಹೆಚ್ಚಾಗಿದ್ದಕ್ಕೆ ಪುರಾವೆ ಸಿಗಲಿಲ್ಲ. ನನ್ನ ರೆಪ್ಪೆಗೆ ನಾನು ಇದನ್ನೇ ಆರಿಸಿಕೊಂಡೆ.

ಇತ್ತೀಚಿನ ಕ್ರೀಮುಗಳೂ ಇವೆ: ಕ್ರಿಸಾಬೊರೋಲ್ (2016), ರುಕ್ಸೊಲಿಟಿನಿಬ್ (2021), ರೋಫ್ಲುಮಿಲಾಸ್ಟ್ ಮತ್ತು ಟ್ಯಾಪಿನರಾಫ್ (2024). ಈ ವರ್ಷಗಳು ಅಮೆರಿಕದಲ್ಲಿ ಎಕ್ಸಿಮಾಗೆ ಒಪ್ಪಿಗೆ ಸಿಕ್ಕಿದ್ದು. ಎಲ್ಲ ದೇಶಗಳಲ್ಲೂ ಎಲ್ಲವೂ ಸಿಗುವುದಿಲ್ಲ, ಸಿಕ್ಕಲ್ಲಿ ದುಬಾರಿ. ಹಳೆಯ ಎರಡು ಬಗೆಯ ಮುಲಾಮನ್ನೂ ಸರಿಯಾದ ಪ್ರಮಾಣದಲ್ಲಿ ಬಳಸಿ ನೋಡದೆ ಇವುಗಳ ಹಿಂದೆ ಹೋಗುವ ಅವಸರ ಬೇಡ ಅನ್ನುವುದು ನನ್ನ ಅಭಿಪ್ರಾಯ.

ಲೈಟ್ ಚಿಕಿತ್ಸೆ

ಮೈಯ ಬಹುಭಾಗ ಹರಡಿದೆ, ಮುಲಾಮು ಹಚ್ಚಿ ಹಚ್ಚಿ ಸಾಕಾಗಿದೆ, ಆದರೆ ಮಾತ್ರೆ ಬೇಡ. ಇಂಥವರಿಗೆ ನ್ಯಾರೋಬ್ಯಾಂಡ್ ಯುವಿಬಿ, ಅಂದರೆ ಅತಿನೇರಳೆ ಬೆಳಕಿನ ಒಂದು ಕಿರಿದಾದ ಪಟ್ಟಿ. 311 ನ್ಯಾನೊಮೀಟರ್ ಆಸುಪಾಸಿನ ಬೆಳಕನ್ನು ಅಳೆದು ಮೈಮೇಲೆ ಬಿಡುತ್ತಾರೆ. ಒಂದು ಸಲಕ್ಕೆ ಕೆಲವೇ ನಿಮಿಷ. ರಕ್ತ ಪರೀಕ್ಷೆ ಬೇಡ, ಗರ್ಭಿಣಿಯರಿಗೂ ಸಾಮಾನ್ಯವಾಗಿ ಕೊಡಬಹುದು. ಆದರೆ ವಾರಕ್ಕೆ ಎರಡು ಮೂರು ಸಲದಂತೆ ಎರಡು ಮೂರು ತಿಂಗಳು ಓಡಾಡಬೇಕು. ಆಸ್ಪತ್ರೆ ದೂರ ಇದ್ದರೆ, ಕೆಲಸಕ್ಕೆ ರಜೆ ಸಿಗದಿದ್ದರೆ ಇದು ಅರ್ಧಕ್ಕೇ ನಿಲ್ಲುತ್ತದೆ. ಸುಮ್ನೆ ಬಿಸಿಲಿಗೆ ಮೈ ಒಡ್ಡುವುದು ಇದಕ್ಕೆ ಬದಲಿ ಅಲ್ಲ. ಬೆವರೇ ಎಷ್ಟೋ ಜನರ ತುರಿಕೆ ಏರಿಸುತ್ತದೆ.

ಮಾತ್ರೆ ಮತ್ತು ಇಂಜೆಕ್ಷನ್

ಪೋಯೆಮ್ 17 ಅಥವಾ ಅದಕ್ಕಿಂತ ಮೇಲಿದೆ, ಮುಲಾಮು ಸರಿಯಾಗಿ ಹಚ್ಚಿಯೂ ನಿದ್ದೆ ಇಲ್ಲ ಅಂದರೆ ಒಳಗಿನಿಂದ ಚಿಕಿತ್ಸೆ ಬೇಕು. ಇದನ್ನು ‘ಕೊನೆಯ ಅಸ್ತ್ರ’ ಅಂತ ವರ್ಷಗಟ್ಟಲೆ ಮುಂದೂಡಬೇಡಿ. ನಿದ್ದೆಯಿಲ್ಲದ ಬದುಕೂ ಒಂದು ಅಡ್ಡ ಪರಿಣಾಮವೇ.

ಹಳೆಯ ಮಾತ್ರೆಗಳಲ್ಲಿ ಮುಖ್ಯವಾದವು ಎರಡು. ಸೈಕ್ಲೊಸ್ಪೊರಿನ್ ಕೆಲವೇ ವಾರಗಳಲ್ಲಿ ತುರಿಕೆ ಇಳಿಸುತ್ತದೆ. ಆದರೆ ಬಿಪಿ ಏರಿಸಬಹುದು, ಮೂತ್ರಪಿಂಡಕ್ಕೆ ಹೊರೆ. ಹಾಗಾಗಿ ಒಂದೆರಡು ವರ್ಷಕ್ಕಿಂತ ಜಾಸ್ತಿ ಎಳೆಯುವುದಿಲ್ಲ. ಮೆಥೊಟ್ರೆಕ್ಸೇಟ್ ನಿಧಾನ, ಗುಣ ಕಾಣಲು ಎರಡು ಮೂರು ತಿಂಗಳು ಬೇಕು. ಆದರೆ ಅಗ್ಗ, ನಿಲ್ಲಿಸಿದ ಮೇಲೂ ಗುಣ ಹೆಚ್ಚು ಕಾಲ ನಿಲ್ಲುತ್ತದೆ. ಮಕ್ಕಳ ಮೇಲೆ ಇವೆರಡನ್ನೂ ಹೋಲಿಸಿ 2023ರಲ್ಲಿ ಪ್ರಕಟವಾದ ಅಧ್ಯಯನದಲ್ಲೂ ಇದೇ ಕಂಡಿತು: ಸೈಕ್ಲೊಸ್ಪೊರಿನ್‌ಗೆ ವೇಗ, ಮೆಥೊಟ್ರೆಕ್ಸೇಟ್‌ಗೆ ಬಾಳಿಕೆ. ಮೆಥೊಟ್ರೆಕ್ಸೇಟ್ ನುಂಗುವುದು ವಾರಕ್ಕೆ ಒಂದು ದಿನ ಮಾತ್ರ. ಮರೆತು ದಿನಾ ನುಂಗಿದರೆ ಪ್ರಾಣಕ್ಕೇ ಅಪಾಯ. ಕ್ಯಾಲೆಂಡರಿನಲ್ಲಿ ಆ ಒಂದು ದಿನಕ್ಕೆ ದೊಡ್ಡದಾಗಿ ಗುರುತು ಹಾಕಿ. ಗರ್ಭಿಣಿಯರು, ಮಗುವಿಗೆ ಯೋಚಿಸುತ್ತಿರುವ ಹೆಂಗಸರು ತೆಗೆದುಕೊಳ್ಳುವಂತಿಲ್ಲ. ಎರಡಕ್ಕೂ ಆಗಾಗ ರಕ್ತ ಪರೀಕ್ಷೆ ಬೇಕೇ ಬೇಕು.

ಡುಪಿಲುಮಾಬ್ 2017ರಲ್ಲಿ ಬಂದ ಇಂಜೆಕ್ಷನ್. ಉರಿಯೂತ ಎಬ್ಬಿಸುವ ಎರಡು ಸಂಕೇತಗಳನ್ನು ಮಾತ್ರ ತಡೆಯುತ್ತದೆ. ಹಾಗಾಗಿ ಸಾಮಾನ್ಯವಾಗಿ ರಕ್ತ ಪರೀಕ್ಷೆಯ ಕಾಟ ಇಲ್ಲ. ದೊಡ್ಡವರು ಎರಡು ವಾರಕ್ಕೊಮ್ಮೆ ಮನೆಯಲ್ಲೇ ಚುಚ್ಚಿಕೊಳ್ಳಬಹುದು. ಪವಾಡ ಅಂತ ಮಾತ್ರ ಎಣಿಸಬೇಡಿ. ಮೊದಲ ದೊಡ್ಡ ಪರೀಕ್ಷೆಗಳಲ್ಲಿ 16 ವಾರಕ್ಕೆ ಚರ್ಮ ಪೂರ್ತಿ ಅಥವಾ ಬಹುತೇಕ ತಿಳಿಯಾಗಿದ್ದು 100ರಲ್ಲಿ ಸುಮಾರು 37 ಜನರಿಗೆ. ಇನ್ನೂ ಎಷ್ಟೋ ಜನರಿಗೆ ತುರಿಕೆ ಚೆನ್ನಾಗಿ ತಗ್ಗಿತು. ಕಣ್ಣು ಕೆಂಪಾಗಿ ಉರಿಯುವುದು ಇದರ ಪರಿಚಿತ ತೊಂದರೆ. ಖರ್ಚು ಬಹಳ, ನಿಲ್ಲಿಸಿದರೆ ಮರುಕಳಿಸುವ ಸಾಧ್ಯತೆಯೂ ಇದೆ. ವಿಮೆ ಅಥವಾ ಸರ್ಕಾರದ ನೆರವು ಎಷ್ಟು ತಿಂಗಳಿಗೆ ಸಿಗುತ್ತದೆ ಅಂತ ಮೊದಲೇ ಕೇಳಿಕೊಂಡು ಶುರು ಮಾಡಿ.

ಉಪಡಾಸಿಟಿನಿಬ್, ಅಬ್ರೊಸಿಟಿನಿಬ್, ಬ್ಯಾರಿಸಿಟಿನಿಬ್ ಜಾಕ್ ಇನ್‌ಹಿಬಿಟರ್ ಗುಂಪಿನ ಮಾತ್ರೆಗಳು, ಅಂದರೆ ಉರಿಯೂತದ ಸಂಕೇತವನ್ನು ಜೀವಕೋಶದ ಒಳಗೇ ತಡೆಯುವಂಥವು. ಇವುಗಳ ಬಲ ವೇಗ. ಕೆಲವೇ ದಿನಗಳಲ್ಲಿ ತುರಿಕೆ ಇಳಿಯಬಹುದು. ಬದಲಿಗೆ ಸರ್ಪಸುತ್ತು, ಇತರ ಸೋಂಕು, ಅಪರೂಪಕ್ಕೆ ರಕ್ತ ಹೆಪ್ಪುಗಟ್ಟುವ ಅಪಾಯ. ವಯಸ್ಸಾದವರು, ಸಿಗರೇಟು ಸೇದುವವರು, ಹೃದಯದ ತೊಂದರೆ ಇರುವವರು ಬೇರೆ ದಾರಿ ನೋಡುವುದು ಒಳ್ಳೆಯದು.

ಬಾಯಿಂದ ನುಂಗುವ ಸ್ಟೀರಾಯ್ಡ್? ಎರಡೇ ದಿನದಲ್ಲಿ ಸ್ವರ್ಗ ತೋರಿಸುತ್ತದೆ. ನಿಲ್ಲಿಸಿದ ಮೇಲೆ ಬಹಳ ಸಲ ಎರಡರಷ್ಟು ಕೆರಳುತ್ತದೆ. ಪದೇ ಪದೇ ಇದನ್ನೇ ಬರೆದುಕೊಡುತ್ತಿದ್ದರೆ ಇನ್ನೊಬ್ಬ ಡಾಕ್ಟರ್ ಅಭಿಪ್ರಾಯ ಕೇಳಿ.

ನಾನು ಹಣ ಹಾಕದ ಕೆಲವು

ಅಲರ್ಜಿ ಮಾತ್ರೆಗಳು ಎಕ್ಸಿಮಾ ತುರಿಕೆಗೆ ಅಷ್ಟಾಗಿ ನಾಟುವುದಿಲ್ಲ, ಆ ಮಾತ್ರೆಗಳು ತಡೆಯುವ ಹಿಸ್ಟಮಿನ್ ಎಂಬ ರಾಸಾಯನಿಕ ಈ ತುರಿಕೆಗೆ ಮುಖ್ಯ ಕಾರಣ ಅಲ್ಲ. ಮಂಪರು ತರುವವು ಸ್ವಲ್ಪ ದಿನ ನಿದ್ದೆಗೆ ನೆರವಾಗಬಹುದು, ಅಷ್ಟೇ. ಸ್ನಾನದ ನೀರಿಗೆ ಹಾಕುವ ಎಣ್ಣೆಗಳಿಂದ ಮಕ್ಕಳಿಗೆ ಹೆಚ್ಚಿನ ಲಾಭವಿಲ್ಲ ಅಂತ 2018ರ ಅಧ್ಯಯನವೊಂದು ತೋರಿಸಿತು. ಆಲಿವ್ ಎಣ್ಣೆ ಚರ್ಮದ ಪದರವನ್ನು ಇನ್ನಷ್ಟು ಸಡಿಲ ಮಾಡಬಹುದು. ‘ನೂರಕ್ಕೆ ನೂರು ಗಿಡಮೂಲಿಕೆ’ ಎಂದು ಮಾರುವ, ಹೆಸರೇ ಬರೆಯದ ಕ್ರೀಮು ಎರಡು ದಿನದಲ್ಲಿ ಮಾಯಾಜಾಲ ಮಾಡಿದರೆ ಅನುಮಾನ ಪಡಿ. ಅಂಥವುಗಳಲ್ಲಿ ಸ್ಟೀರಾಯ್ಡ್ ಬೆರೆಸಿದ್ದು ಎಷ್ಟೋ ಸಲ ಸಿಕ್ಕಿಬಿದ್ದಿದೆ. ಮಕ್ಕಳಿಗೆ ಹಾಲು, ಮೊಟ್ಟೆ ಅಂತ ಒಂದೊಂದೇ ಬಿಡಿಸುವುದಂತೂ ಡಾಕ್ಟರ್ ಹೇಳದೆ ಬೇಡ. ಪೋಷಣೆ ಕೆಡುತ್ತದೆ, ತಿನ್ನುತ್ತಿದ್ದುದನ್ನು ಬಿಡಿಸಿದ್ದರಿಂದಲೇ ಆ ಆಹಾರಕ್ಕೆ ನಿಜವಾದ ಅಲರ್ಜಿ ಹುಟ್ಟಬಹುದು.

ಹಾಗಾದರೆ ನೀವು ಎಲ್ಲಿಂದ ಶುರು ಮಾಡಬೇಕು?

ಕೈಯಲ್ಲಿ ಹಣ ಕಮ್ಮಿ, ಎಕ್ಸಿಮಾ ಸೌಮ್ಯ ಅಥವಾ ಮಧ್ಯಮ ಇದ್ದರೆ ಪೆಟ್ರೋಲಿಯಂ ಜೆಲ್ಲಿ ಮತ್ತು ಡಾಕ್ಟರ್ ಬರೆದ ಒಂದು ಸ್ಟೀರಾಯ್ಡ್ ಸಾಕು. ಬೆರಳ ತುದಿಯ ಲೆಕ್ಕದಲ್ಲಿ ಎರಡು ವಾರ ಬಿಡದೆ ಮಾಡಿ ನೋಡಿ. ರೆಪ್ಪೆ, ಮುಖ ಪದೇ ಪದೇ ಕೆರಳುತ್ತಿದ್ದರೆ ಟ್ಯಾಕ್ರೊಲಿಮಸ್ ಅಥವಾ ಪಿಮೆಕ್ರೊಲಿಮಸ್ ಕೇಳಿ. ಪುಟ್ಟ ಮಗುವಾದರೆ ಸೌಮ್ಯ ಸ್ಟೀರಾಯ್ಡ್, ಧಾರಾಳ ಮಾಯಿಶ್ಚರೈಸರ್. ತೀರಾ ಕೆರಳಿದಾಗ ಮುಲಾಮಿನ ಮೇಲೆ ಒದ್ದೆ ಬಟ್ಟೆ ಸುತ್ತುವ ವಿಧಾನವನ್ನು ನರ್ಸ್ ಹತ್ತಿರ ಕಲಿತುಕೊಂಡು ಮಾಡಿ. ಗರ್ಭಿಣಿಯಾಗಿದ್ದು ಮೈಯೆಲ್ಲ ಹರಡಿದ್ದರೆ ಲೈಟ್ ಚಿಕಿತ್ಸೆಯ ಬಗ್ಗೆ ಮೊದಲು ಮಾತಾಡಿ. ಪರೀಕ್ಷೆ, ಮದುವೆ, ಹೊಸ ಕೆಲಸ ಹತ್ತಿರ ಇದೆ, ಎಕ್ಸಿಮಾ ತೀವ್ರ ಇದೆ, ಬೇಗ ಇಳಿಯಬೇಕು ಅಂದರೆ ಸೈಕ್ಲೊಸ್ಪೊರಿನ್ ಅಥವಾ ಜಾಕ್ ಮಾತ್ರೆ. ವರ್ಷಗಟ್ಟಲೆ ನೆಮ್ಮದಿ ಬೇಕು, ಖರ್ಚು ಕಮ್ಮಿ ಇರಬೇಕು, ಕಾಯುವ ತಾಳ್ಮೆ ಇದೆ ಅಂದರೆ ಮೆಥೊಟ್ರೆಕ್ಸೇಟ್. ಖರ್ಚಿಗೆ ದಾರಿ ಇದೆ, ರಕ್ತ ಪರೀಕ್ಷೆಯ ಓಡಾಟ ಬೇಡ ಅಂದರೆ ಡುಪಿಲುಮಾಬ್.

ಒಂದು ಸಂದರ್ಭದಲ್ಲಿ ಮಾತ್ರ ಆಯ್ಕೆಯ ಪ್ರಶ್ನೆಯೇ ಇಲ್ಲ. ಎಕ್ಸಿಮಾ ಇದ್ದ ಜಾಗದಲ್ಲಿ ಇದ್ದಕ್ಕಿದ್ದಂತೆ ಒಂದೇ ಅಳತೆಯ ನೀರುಗುಳ್ಳೆಗಳು ಎದ್ದು, ಒಡೆದು ತೂತಿನಂಥ ಹುಣ್ಣಾಗಿ, ನೋವು ಜ್ವರ ಬಂದರೆ ಅದು ಹರ್ಪಿಸ್ ಸೋಂಕು ಇರಬಹುದು. ಅವತ್ತೇ ಆಸ್ಪತ್ರೆಗೆ ಹೋಗಿ, ಕಣ್ಣಿನ ಹತ್ತಿರವಾದರೆ ಇನ್ನೂ ಬೇಗ. ಜೇನಿನ ಬಣ್ಣದ ಹಕ್ಕಳೆ ಕಟ್ಟಿ ಕೀವು ಒಸರುತ್ತಿದ್ದರೆ ಬ್ಯಾಕ್ಟೀರಿಯಾ ಸೋಂಕು, ಅದಕ್ಕೂ ಡಾಕ್ಟರ್ ಬೇಕು.

ಉಳಿದಂತೆ, ಮುಂದಿನ ಸಲ ಡಾಕ್ಟರ್ ಹತ್ತಿರ ಹೋಗುವಾಗ ಬಳಸಿದ ಟ್ಯೂಬುಗಳನ್ನೆಲ್ಲ, ಖಾಲಿಯಾದವನ್ನೂ ಸೇರಿಸಿ, ಒಂದು ಚೀಲದಲ್ಲಿ ಹಾಕಿಕೊಳ್ಳಿ. ಯಾವ ಟ್ಯೂಬು ಎಷ್ಟು ದಿನಕ್ಕೆ ಮುಗಿಯಿತು ಅಂತ ಬರೆದುಕೊಳ್ಳಿ. ಕೆರಳಿದ ದಿನದ ಫೋಟೋ, ಈ ವಾರದ ಪೋಯೆಮ್ ಅಂಕ ಜೊತೆಗಿರಲಿ. ನನ್ನ ಚೀಲದಿಂದ ಡಾಕ್ಟರ್ ಮೊದಲು ಎತ್ತಿಕೊಂಡದ್ದು ಆ ಒಂದು ವರ್ಷದ ಟ್ಯೂಬನ್ನು. ಬೆರಳಲ್ಲಿ ಒತ್ತಿ ನೋಡಿ, “ಇನ್ನೂ ಅರ್ಧ ಇದೆಯಲ್ಲ” ಅಂದರು. ನನ್ನ ಚಿಕಿತ್ಸೆ ನಿಜವಾಗಿ ಶುರುವಾದದ್ದು ಅವತ್ತು.